ಡಾ. ಜ್ಞಾನಚಂದ್ರ ಘೋಷ್: ಅನಿಲದಿಂದ ಎಣ್ಣೆ ಮಾಡಲು ಹೊರಟ ವಿಜ್ಞಾನಿ

ಉಪ್ಪು ಎಂದರೆ ಅಂಕೋಲೆಯವರಿಗೆ 1930ರ ಸತ್ಯಾಗ್ರಹ ನೆನಪಾಗುತ್ತದೆ. ಅದಕ್ಕೂ 12 ವರ್ಷ ಮೊದಲು ಕಲ್ಕತ್ತೆಯ ಯುವ ಉಪನ್ಯಾಸಕರೊಬ್ಬರು ಉಪ್ಪು ನೀರಿನಲ್ಲಿ ಕರಗಿದಾಗ ಏನಾಗುತ್ತದೆ ಎಂದು ಲೆಕ್ಕ ಹಾಕಿ ಹೊರದೇಶದ ವಿಜ್ಞಾನಿಗಳ ಗಮನ ಸೆಳೆದಿದ್ದರು. ಅವರೇ ಡಾ. ಜ್ಞಾನಚಂದ್ರ ಘೋಷ್. ಮುಂದೆ ಬೆಂಗಳೂರಿನಲ್ಲಿ ಒಂಬತ್ತು ವರ್ಷ ದುಡಿದ ಇವರ ಪರಿಚಯ ನಮ್ಮ ಶಾಲೆಯ ಮಕ್ಕಳಿಗೂ ಇರಲಿ ಎಂದು ಈ ಕಿರು ಲೇಖನ.

ಘೋಷ್ ಅವರು 1894ರ ಸೆಪ್ಟೆಂಬರ್ 4ರಂದು ಪುರುಲಿಯಾದಲ್ಲಿ ಜನಿಸಿದರು. ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಹಾ ಇವರ ಸಹಪಾಠಿಗಳು. ಉಪ್ಪಿನಂಥ ವಸ್ತು ನೀರಿನಲ್ಲಿ ಪೂರ್ತಿಯಾಗಿ ವಿದ್ಯುತ್ ಕಣಗಳಾಗಿ ಒಡೆಯುತ್ತದೆ, ಆ ಕಣಗಳು ಹರಳಿನಲ್ಲಿದ್ದಂತೆಯೇ ಕ್ರಮವಾಗಿ ನಿಲ್ಲುತ್ತವೆ ಎಂಬುದು 1918ರ ಅವರ ಸಿದ್ಧಾಂತ. 1923ರಲ್ಲಿ ಡಿಬೈ ಮತ್ತು ಹ್ಯೂಕೆಲ್ ಇದರ ಎರಡನೆಯ ಭಾಗ ಸರಿಯಲ್ಲವೆಂದು, ಕಣಗಳು ಸದಾ ಚಲಿಸುತ್ತಿರುತ್ತವೆಂದು ತೋರಿಸಿ ಹೊಸ ಸಿದ್ಧಾಂತ ಕೊಟ್ಟರು. ಇಂದು ಪಠ್ಯಪುಸ್ತಕಗಳಲ್ಲಿರುವುದು ಅವರಿಬ್ಬರ ಹೆಸರು.

ಇಪ್ಪತ್ತರ ಹರೆಯದಲ್ಲಿ ಬಂದ ಕೀರ್ತಿ ಹೀಗೆ ಹಿಂದೆ ಸರಿದರೂ ಘೋಷ್ ಅವರ ಕೆಲಸ ನಿಲ್ಲಲಿಲ್ಲ. 1921ರಿಂದ ಢಾಕಾ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ವಿಭಾಗವನ್ನು ಕಟ್ಟಿದರು. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದರು.

ಅದೇ ವರ್ಷ ಮಹಾಯುದ್ಧ ಶುರುವಾಯಿತು. ಪೆಟ್ರೋಲು ಸಿಗದೆ ಇದ್ದಿಲ ಗ್ಯಾಸಿನಿಂದ ಬಸ್ಸು ಓಡಿಸಿದ ಕಾಲ ಅದು. ಆ ಗ್ಯಾಸಿನಲ್ಲಿ ಉರಿಯುವುದು ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಜನ್. ಕಲ್ಲಿದ್ದಲಿನಿಂದಲೂ ಪಡೆಯಬಹುದಾದ ಇವೇ ಅನಿಲಗಳನ್ನು ಕೋಬಾಲ್ಟ್ ಅಥವಾ ಕಬ್ಬಿಣದ ಕ್ರಿಯಾವರ್ಧಕದ ಮೇಲೆ ಹಾಯಿಸಿದರೆ ದ್ರವ ಇಂಧನ ಸಿಗುತ್ತದೆ. ಜರ್ಮನಿಯ ಫಿಶರ್ ಮತ್ತು ಟ್ರೋಪ್ಷ್ ಕಂಡುಹಿಡಿದ ವಿಧಾನವಿದು. ನಮ್ಮ ದೇಶದಲ್ಲಿ ಎಣ್ಣೆ ಕಡಿಮೆ, ಕಲ್ಲಿದ್ದಲು ಹೇರಳ. ಆದ್ದರಿಂದ ಘೋಷ್ ಅವರು ಎಂ. ವಿ. ಸಿ. ಶಾಸ್ತ್ರಿ ಮೊದಲಾದವರೊಂದಿಗೆ ಈ ಸಂಶೋಧನೆಯನ್ನು ಕೈಗೆತ್ತಿಕೊಂಡರು.

ಕ್ರಿಯಾವರ್ಧಕವು ಕ್ರಿಯೆಯನ್ನು ಚುರುಕುಗೊಳಿಸುತ್ತದೆ, ತಾನು ಖರ್ಚಾಗುವುದಿಲ್ಲ. ಘನ ಕ್ರಿಯಾವರ್ಧಕದಲ್ಲಿ ಕೆಲಸವೆಲ್ಲ ನಡೆಯುವುದು ಮೇಲ್ಮೈಯಲ್ಲಿ. ಹಾಗಾಗಿ ಲೋಹವನ್ನು ಗಟ್ಟಿಯಾಗಿ ಇಡದೆ, ಸೂಕ್ಷ್ಮ ರಂಧ್ರಗಳಿರುವ ವಸ್ತುವಿನ ಮೇಲೆ ಹರಡುತ್ತಾರೆ. ಬೆಂಗಳೂರಿನಲ್ಲಿ ಕೋಬಾಲ್ಟಿಗೆ ಆಧಾರವಾಗಿ ಬಳಸಿದ್ದು ಕೀಸೆಲ್‌ಗುರ್ ಎಂಬ ಹಗುರ ಮಣ್ಣು. ಡಯಾಟಮ್ ಎಂಬ ಸೂಕ್ಷ್ಮ ಜಲಸಸ್ಯಗಳ ಚಿಪ್ಪುಗಳು ಲಕ್ಷಾಂತರ ವರ್ಷ ಶೇಖರವಾಗಿ ಆಗುವ ಮಣ್ಣು ಅದು. ಕಾರವಾರದ ಕಡಲಿನಲ್ಲೂ ಡಯಾಟಮ್‌ಗಳಿವೆ. ಯಾವ ಅನಿಲ ಆ ಮೇಲ್ಮೈಗೆ ಎಷ್ಟು ಅಂಟುತ್ತದೆ ಎಂದು ಅವರು ತಾಳ್ಮೆಯಿಂದ ಅಳೆದರು.

ಕಲ್ಲಿದ್ದಲ ಎಣ್ಣೆ ನಮ್ಮ ಪೇಟೆಗೆ ಬರಲಿಲ್ಲ. ಯುದ್ಧದ ನಂತರ ಕಚ್ಚಾತೈಲವೇ ಅಗ್ಗವಾಯಿತು. ಆದರೆ ಕಲಿತ ವಿದ್ಯೆ ಉಳಿಯಿತು. ಶಾಸ್ತ್ರಿಯವರು ಮುಂದೆ ಮದ್ರಾಸಿನ ಐಐಟಿಯಲ್ಲಿ ಈ ವಿಷಯದ ಸಂಶೋಧನೆಯನ್ನು ಬೆಳೆಸಿದರು. ಘೋಷ್ ಅವರ ಅವಧಿಯಲ್ಲಿ ವಿಜ್ಞಾನ ಸಂಸ್ಥೆಯಲ್ಲಿ 1942ರಲ್ಲಿ ವಿಮಾನ ಎಂಜಿನಿಯರಿಂಗ್, 1945ರಲ್ಲಿ ಲೋಹಶಾಸ್ತ್ರ ವಿಭಾಗಗಳು ಬಂದವು. ಬಳಿಕ ಖರಗ್‌ಪುರದ ಮೊದಲ ಐಐಟಿಗೆ ಅವರೇ ಮೊದಲ ನಿರ್ದೇಶಕರು. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಹಿಜ್ಲಿ ಬಂದೀಖಾನೆಯಲ್ಲಿ 1951ರಲ್ಲಿ ತರಗತಿಗಳು ಆರಂಭವಾದವು. ಅಂದು ಶುರುವಾದ ಐಐಟಿಗಳ ಸಾಲು ನನ್ನಂಥ ಎಷ್ಟೋ ಎಂಜಿನಿಯರರ ಓದಿನ ದಾರಿಯನ್ನು ರೂಪಿಸಿದೆ. ಯೋಜನಾ ಆಯೋಗದ ಸದಸ್ಯರಾಗಿದ್ದಾಗಲೇ, 1959ರ ಜನವರಿ 21ರಂದು ಘೋಷ್ ಅವರು ನಿಧನರಾದರು.

ಇಂದು ಗದ್ದೆಗೆ ಹಾಕುವ ಯೂರಿಯಾದ ಮೂಲವಾದ ಅಮೋನಿಯಾ ತಯಾರಾಗುವುದು ಕಬ್ಬಿಣದ ಕ್ರಿಯಾವರ್ಧಕದ ಮೇಲೆ. ಬೈಕಿಗೆ ಹಾಕುವ ಪೆಟ್ರೋಲಿನ ಬಹುಪಾಲು ಸಿದ್ಧವಾಗುವುದೂ ರಂಧ್ರಗಳಿರುವ ಇಂಥ ಘನ ಕ್ರಿಯಾವರ್ಧಕಗಳ ನೆರವಿನಿಂದ. ವಿಜ್ಞಾನ ಓದುವ ನಮ್ಮ ಶಾಲೆಯ ತಂಗಿ ತಮ್ಮಂದಿರು ಘೋಷ್ ಅವರಿಂದ ಕಲಿಯಬೇಕಾದ್ದು ಒಂದಿದೆ: ತಮ್ಮ ಸಿದ್ಧಾಂತವನ್ನು ಬೇರೆಯವರು ತಿದ್ದಿದ ಮೇಲೂ ಅವರಿಗೆ ಮಾಡಲು 35 ವರ್ಷಗಳ ಕೆಲಸವಿತ್ತು.