ಸರ್ ಎಂ. ವಿಶ್ವೇಶ್ವರಯ್ಯನವರೂ ಕಸುಬಿನ ಶಾಲೆಯೂ

ಮಕ್ಕಳ ಶಾಲೆ ಮುಗಿಯಿತು, ಮುಂದೇನು ಎಂಬ ಪ್ರಶ್ನೆ ದಹಿಸರಿನ ನಮ್ಮ ಕನ್ನಡ ಮನೆಗಳಿಗೆ ವರುಷ ವರುಷವೂ ತಪ್ಪದೆ ಬರುವ ಅತಿಥಿ. ಹೇಗಾದರೂ ಒಂದು ಪದವಿ, ಆಮೇಲೆ ಎಲ್ಲಾದರೂ ಒಂದು ಕುರ್ಚಿ, ಇದು ನಮ್ಮಲ್ಲಿ ನಡೆದುಬಂದ ದಾರಿ. ಬಿ.ಕಾಂ. ಮಾಡಿ ಬ್ಯಾಂಕಿನ ಮೇಜಿಗೆ ಬಂದು ಕುಳಿತ ನಾವು ಆ ದಾರಿಯನ್ನು ಹಳಿಯಲಾರೆವು. ಆದರೆ ಇದೊಂದೇ ದಾರಿ ಸಾಲದೆಂದು ಮನಗಂಡು, ಬೇರೊಂದನ್ನು ತೆರೆಯಲು ಬಹುಕಾಲ ಹೆಣಗಿದ ಮಹನೀಯರು ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಅವರೆಂದರೆ ಕನ್ನಂಬಾಡಿಯ ಕಟ್ಟೆಯಷ್ಟೇ ನಮ್ಮ ಕಣ್ಣಿಗೆ ಕಟ್ಟುವುದುಂಟು. ಈ ಇನ್ನೊಂದು ಕೆಲಸವನ್ನು ನೆನೆಯುವವರು ಕಡಮೆ.

ಮುದ್ದೇನಹಳ್ಳಿಯ ಈ ಬಾಲಕ ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡನು. ಬೆಂಗಳೂರಿನಲ್ಲಿ ಪರರ ಮನೆಯ ಮಕ್ಕಳಿಗೆ ಪಾಠ ಹೇಳಿಕೊಟ್ಟು, ಆ ಆದಾಯದಿಂದ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಆದರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ದೊರೆಯಿತು. ಪುಣೆಯ ವಿಜ್ಞಾನ ಕಾಲೇಜಿಗೆ ಬಂದರು. ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆ ಹೊಂದಿ, 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ಮೊದಲು ಕಾಲಿಟ್ಟ ಊರು ನಾಸಿಕ. ಊರು ಬಿಟ್ಟು ಈ ಸೀಮೆಗೆ ಅನ್ನ ಹುಡುಕಿ ಬಂದ ಕನ್ನಡಿಗರ ಪಂಕ್ತಿಯಲ್ಲಿ ಅವರೂ ಒಬ್ಬರೆಂದು ನಾವು ಹೆಮ್ಮೆಪಟ್ಟರೆ ತಪ್ಪಾಗದು.

1912ರಿಂದ 1918ರ ವರೆಗೆ ಅವರು ಮೈಸೂರಿನ ದಿವಾನರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ತಲೆಯೆತ್ತಿದವು. (ಆ ಬ್ಯಾಂಕು 2017ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ಲೀನವಾದಾಗ ನಮ್ಮಂಥವರ ಎದೆ ಒಮ್ಮೆ ಚುರುಕ್ಕೆಂದದ್ದು ನಿಜ.) ಹಿಂದುಳಿದ ಸಮುದಾಯಗಳ ತರುಣರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡಬೇಕೆಂಬ ವಿಚಾರವನ್ನು ಮಹಾರಾಜರು ಕೈಗೆತ್ತಿಕೊಂಡಾಗ ದಿವಾನರು ಒಪ್ಪಲಿಲ್ಲ, 1918ರಲ್ಲಿ ಅಧಿಕಾರವನ್ನೇ ಬಿಟ್ಟರು. ಈ ಒಂದು ವಿಷಯದಲ್ಲಿ ಮಹಾರಾಜರ ಕಡೆಗೇ ನ್ಯಾಯವಿತ್ತೆಂದು ನಮ್ಮ ಭಾವನೆ. ಬಾಗಿಲು ತೆರೆದಿದೆಯೆಂದರೆ ಸಾಲದು, ಬಾಗಿಲ ವರೆಗೆ ನಡೆದುಬರಲು ಎಲ್ಲರಿಗೂ ಹಾದಿ ಬೇಕಷ್ಟೆ.

1921ರಲ್ಲಿ ಮುಂಬಯಿ ಸರ್ಕಾರವು ತಾಂತ್ರಿಕ ಹಾಗೂ ಔದ್ಯೋಗಿಕ ಶಿಕ್ಷಣದ ಸಮಿತಿಯೊಂದನ್ನು ನೇಮಿಸಿ, ಅದರ ಅಧ್ಯಕ್ಷತೆಯನ್ನು ಅವರಿಗೆ ವಹಿಸಿತು. ಗಿರಣಿಗಳ ಹೊಗೆ ಮುಗಿಲು ಮುಟ್ಟುತ್ತಿದ್ದ ಕಾಲವದು. ಯಂತ್ರ ಬಲ್ಲ ಮೇಲಾಳುಗಳನ್ನು ಹೊರದೇಶದಿಂದ ಕರೆಸುವ ಬದಲು ಇಲ್ಲಿಯ ಹುಡುಗರನ್ನೇ ಏಕೆ ತರಬೇತು ಮಾಡಬಾರದು? ಈ ಮಾತಿಗೆ ಸಮಿತಿಯಲ್ಲಿಯೇ ಒಮ್ಮತವಾಗಲಿಲ್ಲ. ಸದಸ್ಯರು ಎರಡು ಪಕ್ಷವಾದರು, ಅವರ ಯೋಜನೆ ಅವರೆಣಿಸಿದಂತೆ ಕೈಗೂಡಲಿಲ್ಲ. ನಮ್ಮ ಈ ನಗರಿ ಆಗ ಕಳೆದುಕೊಂಡ ಅವಕಾಶವನ್ನು ನೆನೆದರೆ ಈಗಲೂ ಕೆಡುಕೆನಿಸುತ್ತದೆ.

ಆದರೆ ಕೈಬಿಡುವ ಜಾಯಮಾನ ಅವರದಲ್ಲ. 1943ರಲ್ಲಿ, ಎಂಬತ್ತು ದಾಟಿದ ಪ್ರಾಯದಲ್ಲಿ, ಅವರ ಪ್ರಯತ್ನದಿಂದ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಆರಂಭವಾಯಿತು. ಇಂದು ಅದು ಎಸ್.ಜೆ. ಪಾಲಿಟೆಕ್ನಿಕ್ ಎಂದು ಹೆಸರಾಗಿದೆ. ಪದವಿಯ ಹಂಗಿಲ್ಲದೆ, ಶಾಲೆ ಮುಗಿಸಿದ ಹುಡುಗನು ಒಂದು ಕಸುಬನ್ನು ಶಾಸ್ತ್ರೋಕ್ತವಾಗಿ ಕಲಿತು ನೇರವಾಗಿ ದುಡಿಮೆಗೆ ಇಳಿಯಬೇಕೆಂಬುದು ಅದರ ಉದ್ದೇಶ. ಚಲನಚಿತ್ರದ ಛಾಯಾಗ್ರಹಣವನ್ನೂ ಒಂದು ಕಸುಬೆಂದು ಅಲ್ಲಿ ಕಲಿಸಿದರು! ಸಿನಿಮಾ ಎಂದರೆ ಮಕ್ಕಳು ಕೆಟ್ಟರೆಂದು ಹಿರಿಯರು ಹೆದರುತ್ತಿದ್ದ ದಿನಗಳಲ್ಲಿ ಇದು ಸಣ್ಣ ಧೈರ್ಯವಲ್ಲ.

1946ರಲ್ಲಿ ಅಲ್ಲಿ ಡಿಪ್ಲೊಮಾ ಪಡೆದವರಲ್ಲಿ ಮೈಸೂರಿನ ವಿ.ಕೆ. ಮೂರ್ತಿಯವರೊಬ್ಬರು. ಮುಂಬಯಿಯ ಸ್ಟುಡಿಯೋಗಳಲ್ಲಿ ಮೊದಲು ಸಹಾಯಕರಾಗಿ ದುಡಿದರು. ಮುಂದೆ ಗುರುದತ್ತರ ಕ್ಯಾಮೆರಾ ಅವರ ಕೈಸೇರಿತು. ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ, 1959ರ ‘ಕಾಗಜ್ ಕೆ ಫೂಲ್’, ಅವರ ಕೈಚಳಕ. 2008ರ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತುದು ಅದೇ ಮೊದಲು.

ನೂರು ವರುಷ ತುಂಬಿದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು ತೀರಿಕೊಂಡರು. ಅವರ ಸಮಾಧಿ ಮುದ್ದೇನಹಳ್ಳಿಯಲ್ಲಿದೆ. ಅದೇ 1962ರಲ್ಲಿ ಅವರ ಕಸುಬಿನ ಶಾಲೆಯಿಂದ ಛಾಯಾಗ್ರಹಣ ಕಲಿತು ಹೊರಬಂದ ಇನ್ನೊಬ್ಬ ತರುಣ ಗೋವಿಂದ ನಿಹಲಾನಿ. ಅವರೂ ಮುಂಬಯಿಗೆ ಬಂದರು. ಇಲ್ಲಿ ಅವರನ್ನು ಸಹಾಯಕರಾಗಿ ಸೇರಿಸಿಕೊಂಡು ಕೆಲಸ ಕಲಿಸಿದವರು ಅದೇ ಶಾಲೆಯ ವಿ.ಕೆ. ಮೂರ್ತಿಯವರು.