ಪಂಡಿತಾ ರಮಾಬಾಯಿ: ಹಸಿದ ಮಗುವಿಗೆ ಅನ್ನವಷ್ಟೇ ಸಾಲದು



ಸೊಲ್ಲಾಪುರದಿಂದ ಪುಣೆಗೆ ರೈಲಿನಲ್ಲಿ ಹೋಗುವಾಗ ದೌಂಡ್ ದಾಟಿದ ಮೇಲೆ ಕೇಡಗಾಂವ ಎಂಬ ಸಣ್ಣ ನಿಲ್ದಾಣ ಸಿಗುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಅದನ್ನು ಕಿಟಕಿಯಿಂದಲೇ ನೋಡಿ ಮುಂದೆ ಸಾಗಿದ್ದೇವೆ. ಬರಗಾಲದಲ್ಲಿ ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಆ ಊರಿನಲ್ಲಿ ಮನೆ ಕಟ್ಟಿಕೊಟ್ಟವರು ಪಂಡಿತಾ ರಮಾಬಾಯಿ. ಅವರು ಹುಟ್ಟಿದ್ದು ನಮ್ಮ ಕನ್ನಡ ನೆಲದಲ್ಲೇ.

1858ರ ಏಪ್ರಿಲ್ 23ರಂದು ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ರಮಾಬಾಯಿ ಜನಿಸಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ. ತಾಯಿ ಲಕ್ಷ್ಮೀಬಾಯಿ ಮದುವೆಯಾದಾಗ ಒಂಬತ್ತು ವರ್ಷದ ಬಾಲಕಿ. ಹೆಂಡತಿಗೆ ಸಂಸ್ಕೃತ ಕಲಿಸಿದರೆಂದು ಶಾಸ್ತ್ರಿಗಳು ತಮ್ಮವರ ವಿರೋಧ ಕಟ್ಟಿಕೊಂಡರು. ಆ ತಾಯಿಯೇ ಮಗಳಿಗೆ ಗುರುವಾದರು.

ಕುಟುಂಬ ಪುರಾಣ ಓದುತ್ತ ಊರೂರು ಅಲೆಯುತ್ತಿದ್ದಾಗ ಬರಗಾಲ ಬಂತು. ಕಾಡಿನಲ್ಲಿ ನೀರು, ಎಲೆ ನಂಬಿ ದಿನ ಕಳೆದರು. 1874ರಲ್ಲಿ ತಂದೆ ತೀರಿಕೊಂಡರು, ಅವರ ಹಿಂದೆಯೇ ತಾಯಿಯೂ ಹೋದರು. ಹದಿಹರೆಯದ ರಮಾಬಾಯಿ ಅಣ್ಣ ಶ್ರೀನಿವಾಸನೊಡನೆ ನಡೆಯುತ್ತಲೇ ನಾಡು ಸುತ್ತಿ 1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಅವರ ಪಾಂಡಿತ್ಯಕ್ಕೆ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನಿತ್ತರು. 1880ರಲ್ಲಿ ಅಣ್ಣ, 1882ರಲ್ಲಿ ಪತಿ ಬಿಪಿನ್ ಬಿಹಾರಿ ಇಬ್ಬರನ್ನೂ ಕಳೆದುಕೊಂಡು, ಕಂಕುಳಲ್ಲಿ ಮಗಳು ಮನೋರಮೆಯನ್ನು ಹೊತ್ತು ಪುಣೆಗೆ ಬಂದರು.

ಮುಂದೆ ಇಂಗ್ಲೆಂಡಿಗೆ ಹೋದರು, 1883ರಲ್ಲಿ ಕ್ರೈಸ್ತ ಮತ ಸ್ವೀಕರಿಸಿದರು. ಬಾಲವಧು, ಬಾಲವಿಧವೆಯರ ಪಾಡನ್ನು ಕುರಿತು ಅವರು ಬರೆದ ಇಂಗ್ಲಿಷ್ ಪುಸ್ತಕ 1887ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದರು. ಮನೆಯ ಮೂಲೆಗೆ ಬಿದ್ದಿದ್ದ ಎಳೆಯ ವಿಧವೆಯರಿಗೆ ಅಲ್ಲಿ ಊಟ, ಓದು ಎರಡೂ ಸಿಕ್ಕವು. ಮರುವರ್ಷ ಸದನ ಪುಣೆಗೆ ಬಂತು. ಮತಾಂತರದ ಆರೋಪ ಎದ್ದು 1893ರಲ್ಲಿ ಹಲವರು ತಮ್ಮ ಹೆಣ್ಣುಮಕ್ಕಳನ್ನು ಬಿಡಿಸಿಕೊಂಡು ಹೋದರು. ಬೆಂಬಲವಾಗಿದ್ದ ರಾನಡೆ, ಭಂಡಾರ್ಕರ್ ಅಂಥವರೂ ದೂರ ಸರಿದರು. ಆ ವಾದ ಇಂದಿಗೂ ಮುಗಿದಿಲ್ಲ. ಆದರೆ ಮಕ್ಕಳ ವಿಷಯದಲ್ಲಿ ಅವರು ಮುಂದೆ ಮಾಡಿದ್ದನ್ನು ಯಾರೂ ಮರೆಯುವಂತಿಲ್ಲ.

1896-97ರ ಬರದಲ್ಲಿ ರಮಾಬಾಯಿ ತಾವೇ ಮಧ್ಯ ಪ್ರಾಂತಕ್ಕೆ ಹೋದರು. ಗಂಜಿ ಕೇಂದ್ರಗಳ ಸುತ್ತ ಅವರು ಕಂಡದ್ದು ಬರೀ ಹಸಿವನ್ನಲ್ಲ. ಕಾಯುವವರಿಲ್ಲದ ಹುಡುಗಿಯರ ಮೇಲೆ ಕಣ್ಣಿಟ್ಟು, ಅನ್ನದ ಆಸೆ ತೋರಿಸಿ ಕರೆದೊಯ್ಯುವ ದುರುಳರೂ ಅಲ್ಲಿದ್ದರು. ಹೊಟ್ಟೆಗೆ ಬಿದ್ದ ಮಾತ್ರಕ್ಕೆ ಮಗು ಸುರಕ್ಷಿತವಲ್ಲ ಎಂಬುದನ್ನು ಅವರು ಕಣ್ಣಾರೆ ಕಂಡರು. ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಇದ್ದುದರಿಂದ ಕೇಡಗಾಂವದ ತಮ್ಮ ಜಮೀನಿನಲ್ಲೇ ಅವರಿಗೆ ನೆಲೆ ಮಾಡಿದರು. ಅದೇ ಮುಕ್ತಿ ಸದನ. ಅದೇ ವರ್ಷ ಪುಣೆಯ ಪ್ಲೇಗ್ ಆಸ್ಪತ್ರೆಯಲ್ಲಿ ಹೆಂಗಸರಿಗೆ ರಕ್ಷಣೆಯಿಲ್ಲವೆಂದು ಪತ್ರಿಕೆಗೆ ಬರೆದರು. ಗವರ್ನರ್ ಅದನ್ನು ಅಲ್ಲಗಳೆದರು. ಆದರೂ ಹೇಳಬೇಕಾದ್ದನ್ನು ಅವರು ಹೇಳಿಯಾಗಿತ್ತು.

ಮುಕ್ತಿಯಲ್ಲಿ ಮಕ್ಕಳು ಅಕ್ಷರ ಕಲಿತರು. ನೇಯ್ಗೆ, ಹೈನು, ಬೇಸಾಯ, ಅಚ್ಚುಕೂಟದ ಕೆಲಸವೂ ಅವರ ಕೈಗೆ ಬಂತು. ಅಂಧ ಮಕ್ಕಳಿಗೆ ಬ್ರೈಲ್ ಕಲಿಸಿದರು. ನಾಳೆ ಯಾರ ಮುಂದೆಯೂ ಕೈ ಚಾಚದಂತೆ ಬೆಳೆಸುವುದೂ ರಕ್ಷಣೆಯೇ ಎಂದು ರಮಾಬಾಯಿ ಬಗೆದಿದ್ದರು. ಕೊನೆಗಾಲದಲ್ಲಿ ಮಗಳ ನೆರವಿನಿಂದ ಗುಲಬರ್ಗಾದಲ್ಲೂ ಶಾಲೆ ತೆರೆದರು. 1921ರಲ್ಲಿ ಮನೋರಮಾ ತೀರಿಕೊಂಡರು. 1922ರ ಏಪ್ರಿಲ್ 5ರಂದು ತಾಯಿಯೂ ಕಣ್ಮುಚ್ಚಿದರು.

ಸದಸ್ಯರೇ, ನಮ್ಮ ಗಡಿ ಊರುಗಳಲ್ಲಿ ಇಂದಿಗೂ ದುಡಿಮೆ ಹುಡುಕಿ ಬರುವ ಕುಟುಂಬಗಳಿವೆ, ಶಾಲೆ ಬಿಟ್ಟ ಮಕ್ಕಳಿದ್ದಾರೆ. ಕನ್ನಡ ಬಿಟ್ಟರೆ ಬೇರೆ ಮಾತು ಬಾರದ ಮಗು ತನ್ನ ಸಂಕಟವನ್ನು ಮರಾಠಿಯಲ್ಲೋ ತಮಿಳಿನಲ್ಲೋ ಮಲಯಾಳಂನಲ್ಲೋ ತೆಲುಗಿನಲ್ಲೋ ಹೇಗೆ ಹೇಳೀತು? ಅದರ ಮಾತಿಗೆ ನಾವು ದನಿಯಾಗೋಣ. ಸಂದೇಹ ಬಂದರೆ, ಪಕ್ಕದ ಮನೆಯ ವಿಷಯ ನಮಗೇಕೆ ಎಂದು ಸುಮ್ಮನಾಗದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡೋಣ. ದೇಶದ ಯಾವ ಮೂಲೆಯಿಂದಲಾದರೂ ಕರೆ ಉಚಿತ. ಮುಂದಿನ ಸಲ ಕೇಡಗಾಂವ ದಾಟುವಾಗ ರಮಾಬಾಯಿಯವರನ್ನು ಒಮ್ಮೆ ನೆನೆಯೋಣ.