ಹ್ಯೂ ಹ್ಯಾಮಂಡ್ ಬೆನೆಟ್

ಹ್ಯೂ ಹ್ಯಾಮಂಡ್ ಬೆನೆಟ್ (15 ಏಪ್ರಿಲ್ 1881 – 7 ಜುಲೈ 1960) ಅಮೆರಿಕ ಸಂಯುಕ್ತ ಸಂಸ್ಥಾನದ ಮಣ್ಣುವಿಜ್ಞಾನಿ. ಇವರನ್ನು ಆ ದೇಶದ ಮಣ್ಣು ಸಂರಕ್ಷಣೆಯ ಪಿತಾಮಹರೆಂದು ಕರೆಯಲಾಗುತ್ತದೆ. ಪ್ರವಾಹ ನಿಯಂತ್ರಣದ ಕೆಲಸವು ಮಳೆ ಬೀಳುವ ಹೊಲಗಳಿಂದಲೇ ಆರಂಭವಾಗಬೇಕೆಂಬ ವಿಚಾರಕ್ಕೆ ಸರ್ಕಾರದ ಮನ್ನಣೆ ದೊರಕಿಸಿದವರಲ್ಲಿ ಇವರು ಪ್ರಮುಖರು.

ಆರಂಭಿಕ ಜೀವನ

ಬೆನೆಟ್ ಉತ್ತರ ಕೆರೊಲಿನಾ ರಾಜ್ಯದ ವೇಡ್ಸ್‌ಬರೊ ಸಮೀಪದ ಹತ್ತಿ ಬೆಳೆಗಾರರ ಕುಟುಂಬದಲ್ಲಿ ಜನಿಸಿದರು. 1903ರಲ್ಲಿ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದ ಪದವಿ ಪಡೆದು, ಕೇಂದ್ರ ಕೃಷಿ ಇಲಾಖೆಯ ಮಣ್ಣು ಸಮೀಕ್ಷಾ ವಿಭಾಗವನ್ನು ಸೇರಿದರು.

ಮಣ್ಣಿನ ಸವಕಳಿಯ ಅಧ್ಯಯನ

1905ರಲ್ಲಿ ವರ್ಜೀನಿಯಾದ ಲೂಯಿಸಾ ಜಿಲ್ಲೆಯ ಸಮೀಕ್ಷೆಯ ವೇಳೆ, ಅಕ್ಕಪಕ್ಕದ ಎರಡು ನೆಲಗಳ ಭೇದವು ಇವರ ಗಮನ ಸೆಳೆಯಿತು. ಮರಗಳಿದ್ದ ನೆಲದ ಮಣ್ಣು ಮೃದುವಾಗಿ, ತೇವದಿಂದ ಕೂಡಿತ್ತು. ಬಹುಕಾಲ ಉಳುಮೆಯಾದ ನೆಲದಲ್ಲಿ ಮೇಲ್ಮಣ್ಣು ಕೊಚ್ಚಿಹೋಗಿ ಗಟ್ಟಿಯಾದ ಅಡಿಮಣ್ಣು ಉಳಿದಿತ್ತು. ಅಂತಹ ನೆಲದಲ್ಲಿ ಮಳೆನೀರು ಇಂಗದೆ ವೇಗವಾಗಿ ಹಳ್ಳ ಸೇರುತ್ತದೆ. ಹೊಲಕ್ಕೆ ಮಣ್ಣಿನ ನಷ್ಟವಾದರೆ, ಕೆಳಗಿನ ಊರುಗಳಿಗೆ ನೆರೆ ಮತ್ತು ಹೂಳಿನ ಬಾಧೆ ಉಂಟಾಗುತ್ತದೆ. ಮಣ್ಣಿನ ಸವಕಳಿಯು ರಾಷ್ಟ್ರೀಯ ವಿಪತ್ತೆಂದು ಎಚ್ಚರಿಸುವ ಇವರ ಸಹಲೇಖಕತ್ವದ ಪ್ರಕಟಣೆ 1928ರಲ್ಲಿ ಹೊರಬಂದಿತು.

ಕೂನ್ ಕ್ರೀಕ್ ಯೋಜನೆ

1933ರಲ್ಲಿ ಬೆನೆಟ್ ಹೊಸದಾಗಿ ಸ್ಥಾಪಿತವಾದ ಮಣ್ಣು ಸವಕಳಿ ಸೇವೆಯ ನಿರ್ದೇಶಕರಾದರು. ಅದೇ ವರ್ಷ ವಿಸ್ಕಾನ್ಸಿನ್ ರಾಜ್ಯದ ಕೂನ್ ಕ್ರೀಕ್ ಹಳ್ಳದ ಜಲಾನಯನ ಪ್ರದೇಶದಲ್ಲಿ ದೇಶದ ಮೊದಲ ಪ್ರಾತ್ಯಕ್ಷಿಕೆ ಯೋಜನೆ ಆರಂಭವಾಯಿತು. ಅಲ್ಲಿನ ರೈತರು ಇಳಿಜಾರಿಗೆ ಅಡ್ಡಲಾಗಿ ಉಳುವುದು, ಮೆಕ್ಕೆಜೋಳ ಮತ್ತು ಹುಲ್ಲನ್ನು ಪಟ್ಟಿಗಳಲ್ಲಿ ಬೆಳೆಯುವುದು, ಬದು ನಿರ್ಮಿಸುವುದು, ಕಡಿದಾದ ಇಳಿಜಾರುಗಳಿಂದ ದನಗಳನ್ನು ದೂರವಿಡುವುದು ಮುಂತಾದ ಕ್ರಮಗಳನ್ನು ಅನುಸರಿಸಿದರು. ಮುಂದಿನ ದಶಕಗಳಲ್ಲಿ ಆ ಕಣಿವೆಯ ಮಣ್ಣಿನ ಸವಕಳಿ ಬಹಳವಾಗಿ ತಗ್ಗಿತು.

ಶಾಸನಗಳು

1935ರ ಏಪ್ರಿಲ್ 27ರಂದು ಮಣ್ಣು ಸಂರಕ್ಷಣಾ ಕಾಯಿದೆ ಜಾರಿಗೆ ಬಂದಿತು. ಅದರನ್ವಯ ರಚಿತವಾದ ಮಣ್ಣು ಸಂರಕ್ಷಣಾ ಸೇವೆಗೆ ಬೆನೆಟ್ 1951ರವರೆಗೆ ಮುಖ್ಯಸ್ಥರಾಗಿದ್ದರು. 1936ರ ಪ್ರವಾಹ ನಿಯಂತ್ರಣ ಕಾಯಿದೆಯು ನದಿಗಳ ಕಾಮಗಾರಿಯನ್ನು ಸೇನಾ ಎಂಜಿನಿಯರುಗಳಿಗೂ, ಜಲಾನಯನದಲ್ಲಿ ನೀರಿನ ಹರಿವನ್ನು ತಡೆಯುವ ಕಾರ್ಯವನ್ನು ಕೃಷಿ ಇಲಾಖೆಗೂ ವಹಿಸಿತು. ಅಣೆಕಟ್ಟುಗಳು ಮುಖ್ಯವೋ ಹೊಲಗಳ ಸಂರಕ್ಷಣೆ ಮುಖ್ಯವೋ ಎಂಬ ವಾದ ಮುಂದೆಯೂ ನಡೆಯಿತು. 1954ರ ಕಾಯಿದೆಯು 2,50,000 ಎಕರೆ ಮೀರದ ಜಲಾನಯನಗಳಲ್ಲಿ ಇವೆರಡನ್ನೂ ಜೊತೆಗೂಡಿಸಿತು.

ಹೊಲಗಳ ಸಂರಕ್ಷಣೆಯ ಪರಿಣಾಮವು ಸಣ್ಣ ಹಳ್ಳಗಳಲ್ಲಿ ಹಾಗೂ ಸಾಧಾರಣ ಮಳೆಯಲ್ಲಿ ಹೆಚ್ಚು. ನೆಲವು ಪೂರ್ತಿಯಾಗಿ ನೆನೆದ ಬಳಿಕ ಬೀಳುವ ಅತಿಯಾದ ಮಳೆಯನ್ನು ಅದೊಂದೇ ತಡೆಯಲಾರದು.

ನಿಧನ

ಬೆನೆಟ್ 1960ರಲ್ಲಿ ನಿಧನರಾದರು. ಅವರ ಸಮಾಧಿಯು ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನದಲ್ಲಿದೆ. ಅವರು ಕಟ್ಟಿದ ಸಂಸ್ಥೆಯು 1994ರಿಂದ ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆ ಎಂಬ ಹೆಸರಿನಲ್ಲಿ ಕಾರ್ಯನಿರ್ವಹಿಸುತ್ತಿದೆ.